ಪದವಿಯೂ ಬೇಕು, ಕಥೆಯೂ ಬೇಕು: ಲೇಖಕರ ಚರಿತ್ರೆಯಿಂದ ಕೆಲವು ಪಾಠಗಳು



ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕುಳಿತುಕೊಳ್ಳುವ ನಮ್ಮಂಥವರಿಗೆ ಕೆಲವು ಪ್ರಶ್ನೆಗಳು ರೂಢಿಯಾಗಿಬಿಟ್ಟಿರುತ್ತವೆ. ಅಂಕಗಳೆಷ್ಟು, ಮನೆಯ ಆದಾಯವೆಷ್ಟು, ಮುಂದೆ ಏನು ಓದಬೇಕೆಂದಿದ್ದೀರಿ, ಕೊನೆಯಲ್ಲಿ ಹವ್ಯಾಸವೇನು. ಕೆಲವು ವರ್ಷಗಳ ಹಿಂದೆ ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಈ ಕೊನೆಯ ಪ್ರಶ್ನೆ ಕೇಳಿದೆ. ಆಕೆ ಕ್ಷಣಕಾಲ ತಡೆದು, "ಕಥೆ ಬರೆಯುತ್ತೇನೆ ಸರ್" ಎಂದಳು. ಪಕ್ಕದಲ್ಲಿದ್ದ ತಂದೆ ಗಾಬರಿಯಾದರು. "ಅದೆಲ್ಲ ಈಗ ಬಿಟ್ಟಿದ್ದಾಳೆ ಸರ್, ಓದಿನ ಕಡೆಗೇ ಗಮನ ಕೊಡುತ್ತಾಳೆ" ಎಂದರು. ಹುಡುಗಿ ತಲೆ ತಗ್ಗಿಸಿದಳು. ನಾವು ಮುಂದಿನ ಅರ್ಜಿಯನ್ನು ಕೈಗೆತ್ತಿಕೊಂಡೆವು.

ಆ ತಂದೆಯನ್ನು ನಾನು ದೂರಲಾರೆ. ಹೋಟೆಲಿನಲ್ಲಿ ದುಡಿದು ಮಗಳನ್ನು ಎಂ.ಎ.ವರೆಗೆ ತಂದವರು ಅವರು. ಕಥೆ ಬರೆಯುವ ಹುಡುಗಿಗೆ ಹಣ ಕೊಡಲು ನಾವು ಹಿಂಜರಿದೇವು ಎಂದು ಹೆದರಿದ್ದರು. ಆದರೆ ಆಕೆಗೆ ಒಂದು ಮಾತು ಹೇಳಬೇಕಾಗಿತ್ತು, ಅಂದು ನನಗೆ ಹೇಳಲಾಗಲಿಲ್ಲ. ಏಕೆಂದರೆ ನನ್ನದೇ ಕಥೆ ಅಷ್ಟೇನೂ ಹೆಮ್ಮೆಯದಲ್ಲ. ಎಂ.ಫಿಲ್. ಮಾಡುವಾಗ ನಾನೊಂದು ಕಾದಂಬರಿ ಆರಂಭಿಸಿದ್ದೆ. ಪ್ರಬಂಧ ಮುಗಿದ ಮೇಲೆ ಬರೆಯೋಣವೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಪ್ರಬಂಧ ತಡವಾಯಿತು, ನಂತರ ಕೆಲಸ ಸಿಕ್ಕಿತು, ಸಂಸಾರವಾಯಿತು. ನೋಟ್‌ಬುಕ್ ಇಂದಿಗೂ ಪೆಟ್ಟಿಗೆಯಲ್ಲೇ ಇದೆ. ಆದ್ದರಿಂದ ಆ ವಿದ್ಯಾರ್ಥಿನಿಗೂ, ಆಕೆಯಂತೆ ನೋಟ್‌ಬುಕ್ಕನ್ನು ಬಚ್ಚಿಟ್ಟುಕೊಂಡಿರುವ ನಿಮಗೂ, ನನ್ನ ಅನುಭವಕ್ಕಿಂತ ಚರಿತ್ರೆಯ ಕೆಲವು ಪುಟಗಳನ್ನು ತೋರಿಸುವುದೇ ಒಳ್ಳೆಯದು. ಉನ್ನತ ವ್ಯಾಸಂಗ ಮತ್ತು ಕಥಾರಚನೆ ಒಂದೇ ಬದುಕಿನಲ್ಲಿ ಹೇಗೆ ನಡೆದವು ಎಂಬುದಕ್ಕೆ ಇಪ್ಪತ್ತನೇ ಶತಮಾನದಲ್ಲಿ ಸಾಕಷ್ಟು ಸಾಕ್ಷಿಗಳಿವೆ.

ಬರ್ಮಿಂಗ್‌ಹ್ಯಾಮಿನಲ್ಲಿ ಬರೆದ 'ಸಂಸ್ಕಾರ'

ಮೊದಲ ಸಾಕ್ಷಿ ನಮ್ಮ ಭಾಷೆಯದ್ದೇ. ಯು.ಆರ್. ಅನಂತಮೂರ್ತಿಯವರು 1932ರಲ್ಲಿ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು. ಅವರ ಮೊದಲ ಕಥಾಸಂಕಲನ 'ಎಂದೆಂದೂ ಮುಗಿಯದ ಕತೆ' ಪ್ರಕಟವಾದದ್ದು 1955ರಲ್ಲಿ, ಅವರಿನ್ನೂ ವಿದ್ಯಾರ್ಥಿಯಾಗಿದ್ದಾಗ. ಅಂದರೆ ಓದು ಮತ್ತು ಬರಹ ಅವರಿಗೆ ಮೊದಲಿನಿಂದಲೂ ಒಂದರ ಪಕ್ಕ ಒಂದು ನಡೆದಿದ್ದವು.

1963ರಲ್ಲಿ ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಅಲ್ಲಿ ಅವರಿಗೆ ಹತ್ತಿರವಾದ ಅಧ್ಯಾಪಕರು ಮಾಲ್ಕಮ್ ಬ್ರಾಡ್‌ಬರಿ. ಬ್ರಾಡ್‌ಬರಿ ಸ್ವತಃ ಕಾದಂಬರಿಕಾರರು. ಒಮ್ಮೆ ಇಬ್ಬರೂ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್‌ರ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದರು. ಅದರಲ್ಲಿ ಧರ್ಮಯುದ್ಧದಿಂದ ಊರಿಗೆ ಮರಳುವ ಯೋಧನೊಬ್ಬ ಪ್ಲೇಗ್ ಹಬ್ಬಿದ ನಾಡನ್ನು ಹಾದುಹೋಗುತ್ತಾನೆ. ಯುರೋಪಿನವರು ಮಧ್ಯಯುಗವನ್ನು ಪುಸ್ತಕದಿಂದ ಕಟ್ಟಿಕೊಳ್ಳಬೇಕು, ಭಾರತೀಯರಾದ ನಿಮಗೆ ಅದು ಇನ್ನೂ ಬದುಕಿನೊಳಗೇ ಇದೆ ಎಂಬ ಅರ್ಥದ ಮಾತನ್ನು ಬ್ರಾಡ್‌ಬರಿ ಆಡಿದರೆಂದು ಅನಂತಮೂರ್ತಿಯವರು ಅನೇಕ ಕಡೆ ನೆನೆದಿದ್ದಾರೆ. ಆ ಮಾತು ಕಿಡಿಯಾಯಿತು. ಪ್ಲೇಗ್ ಬಂದ ಅಗ್ರಹಾರದಲ್ಲಿ ಒಂದು ಶವ, ಅದರ ಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆ, ಅದಕ್ಕೆ ಉತ್ತರ ಹುಡುಕಲು ಹೋಗಿ ತನ್ನನ್ನೇ ಕಳೆದುಕೊಳ್ಳುವ ಪ್ರಾಣೇಶಾಚಾರ್ಯ ಕನ್ನಡಕ್ಕೆ ಬಂದದ್ದು ಹೀಗೆ. 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು. ಪಿಎಚ್.ಡಿ. 1966ರಲ್ಲಿ ಕೈಸೇರಿತು.

ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾದಂಬರಿಗಾಗಿ ಪಿಎಚ್.ಡಿ. ನಿಲ್ಲಲಿಲ್ಲ, ಪಿಎಚ್.ಡಿ.ಗಾಗಿ ಕಾದಂಬರಿ ಮುಂದಕ್ಕೆ ಹೋಗಲಿಲ್ಲ. ಎರಡರ ಕಾಳಜಿಯೂ ಒಂದೇ ಆಗಿತ್ತೆಂಬುದನ್ನು ಗಮನಿಸಬೇಕು. ಕಾಲದ ಒತ್ತಡಕ್ಕೆ ಸಿಕ್ಕ ಲೇಖಕ ಏನು ಮಾಡುತ್ತಾನೆ ಎಂಬುದನ್ನು ಅವರು ಪ್ರಬಂಧದಲ್ಲಿ ಇಂಗ್ಲಿಷ್ ಲೇಖಕರ ಬಗ್ಗೆ ಕೇಳಿದರು, ಕಾದಂಬರಿಯಲ್ಲಿ ತಮ್ಮ ಊರಿನ ಬದುಕಿನ ಬಗ್ಗೆ ಕೇಳಿದರು. ಒಂದು ಇನ್ನೊಂದರ ಸಮಯ ತಿಂದಿರಬಹುದು, ಸತ್ವವನ್ನಂತೂ ತಿನ್ನಲಿಲ್ಲ.

ಒಂದು ಅನುಕೂಲ ಮಾತ್ರ ಅವರಿಗಿತ್ತು, ಅದನ್ನು ಮರೆಮಾಡಬಾರದು. ಊಟ, ವಸತಿಯ ಚಿಂತೆ ತಪ್ಪಿಸುವ ವಿದ್ಯಾರ್ಥಿವೇತನವಿತ್ತು, ಬರವಣಿಗೆ ಬಲ್ಲ ಗುರುವಿದ್ದರು. ಅದೇ ಬ್ರಾಡ್‌ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಸೇರಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಕಥಾರಚನೆಯನ್ನೇ ಎಂ.ಎ. ವ್ಯಾಸಂಗವಾಗಿ ಆರಂಭಿಸಿದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೃಜನಶೀಲ ಕೃತಿಯನ್ನು ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ ಒಪ್ಪಿಕೊಳ್ಳುವುದಾಗಿ 1922ರಲ್ಲೇ ಹೇಳಿತ್ತು. ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಇಂಥ ದಾರಿಯಿಲ್ಲ. ಇಲ್ಲಿ ಕಥೆಗೆ ಅಂಕವಿಲ್ಲ, ಅದನ್ನು ನಮ್ಮ ಸ್ವಂತ ಲೆಕ್ಕದಲ್ಲೇ ಬರೆಯಬೇಕು.

ಎಂ.ಎ. ಬಿಟ್ಟವರು, ಕೆಲಸ ಬಿಡದವರು

ಎಲ್ಲರಿಗೂ ಎರಡು ದೋಣಿಯ ಪಯಣ ಸಾಧ್ಯವಾಗುವುದಿಲ್ಲ. ಒಂದನ್ನು ಬಿಡಲೇಬೇಕಾದ ಗಳಿಗೆಯೂ ಬರುತ್ತದೆ. ಈಜಿಪ್ಟಿನ ನಜೀಬ್ ಮಹ್ಫೂಝ್ ಅಂಥ ಗಳಿಗೆಯನ್ನು ಎದುರಿಸಿದವರು.

ಕೈರೋದ ಹಳೆಯ ಜಮಾಲಿಯಾ ಮೊಹಲ್ಲಾದಲ್ಲಿ 1911ರಲ್ಲಿ ಹುಟ್ಟಿದ ಅವರು 1934ರಲ್ಲಿ ಈಜಿಪ್ಟ್ ವಿಶ್ವವಿದ್ಯಾಲಯದಿಂದ (ಇಂದಿನ ಕೈರೋ ವಿಶ್ವವಿದ್ಯಾಲಯ) ತತ್ವಶಾಸ್ತ್ರದ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1932ರಲ್ಲಿ, ಪ್ರಾಚೀನ ಈಜಿಪ್ಟಿನ ಬಗೆಗಿನ ಒಂದು ಇಂಗ್ಲಿಷ್ ಪುಸ್ತಕವನ್ನು ಅರಬ್ಬಿಗೆ ಅನುವಾದಿಸಿ ಪ್ರಕಟಿಸಿದ್ದರು. ಪದವಿಯ ನಂತರ ತತ್ವಶಾಸ್ತ್ರದಲ್ಲೇ ಎಂ.ಎ.ಗೆ ಸೇರಿದರು. ಗುರುಗಳು ಶೇಖ್ ಮುಸ್ತಫಾ ಅಬ್ದುಲ್ ರಾಝಿಕ್, ಮುಂದೆ ಅಲ್ ಅಝ್‌ಹರ್‌ನ ಮುಖ್ಯಸ್ಥರಾದವರು. ಪ್ರಬಂಧ ಬರೆಯುವುದೋ ಕಥೆ ಬರೆಯುವುದೋ ಎಂಬ ತುಮುಲದಲ್ಲಿ ಮಹ್ಫೂಝ್ ಬಹಳ ತೊಳಲಾಡಿದರು. ಕೊನೆಗೆ ಸಂಶೋಧನೆಯನ್ನು ಬಿಟ್ಟು ಸಾಹಿತ್ಯವನ್ನು ಆರಿಸಿಕೊಂಡರು.

ಇಲ್ಲಿಗೆ ಓದಿ ನಿಲ್ಲಿಸಿದರೆ ಅಪಾಯ. "ನೋಡಿ ಸರ್, ನೊಬೆಲ್ ಪಡೆದವರೂ ಎಂ.ಎ. ಬಿಟ್ಟಿದ್ದರು" ಎಂದು ನಾಳೆಯೇ ಯಾರಾದರೂ ನನ್ನ ಬಳಿಗೆ ಬರಬಹುದು. ಮಹ್ಫೂಝ್ ಎಂ.ಎ. ಬಿಟ್ಟರು, ಸಂಬಳದ ಕೆಲಸ ಬಿಡಲಿಲ್ಲ. 1934ರಿಂದ 1971ರಲ್ಲಿ ನಿವೃತ್ತರಾಗುವವರೆಗೆ ಸರ್ಕಾರಿ ನೌಕರರಾಗಿಯೇ ಇದ್ದರು. ಮೊದಲು ವಿಶ್ವವಿದ್ಯಾಲಯದ ಕಚೇರಿ, ಆಮೇಲೆ ಅನೇಕ ವರ್ಷ ವಕ್ಫ್ ಸಚಿವಾಲಯ, ನಂತರ ಸಂಸ್ಕೃತಿ ಇಲಾಖೆ. ಬೆಳಿಗ್ಗೆ ಕಚೇರಿ, ಸಂಜೆ ನಾಲ್ಕರಿಂದ ಏಳರವರೆಗೆ ಬರವಣಿಗೆ, ಆಮೇಲೆ ರಾತ್ರಿ ಹತ್ತರವರೆಗೆ ಓದು. ಇದು ಅವರೇ ಹೇಳಿಕೊಂಡ ದಿನಚರಿ. 1956–57ರಲ್ಲಿ ಪ್ರಕಟವಾದ 'ಕೈರೋ ತ್ರಿವಳಿ' ಸುಮಾರು 1,500 ಪುಟಗಳಷ್ಟಿದೆ. ಅದನ್ನು ಕಚೇರಿಯಿಂದ ಮನೆಗೆ ಬಂದ ಒಬ್ಬ ಗುಮಾಸ್ತರು ಸಂಜೆಯ ಮೂರು ಗಂಟೆಗಳಲ್ಲಿ ಬರೆದರು. 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅರಬ್ಬಿ ಭಾಷೆಯ ಲೇಖಕರೊಬ್ಬರಿಗೆ ಸಾಹಿತ್ಯದ ನೊಬೆಲ್ ಬಂದದ್ದು ಅದೇ ಮೊದಲು.

ಬಿಟ್ಟ ತತ್ವಶಾಸ್ತ್ರ ವ್ಯರ್ಥವಾಯಿತೇ? ಇಲ್ಲ. ತ್ರಿವಳಿಯಲ್ಲಿ ಕಮಾಲ್ ಎಂಬ ಯುವಕನಿದ್ದಾನೆ. ಕಾನೂನು ಓದಿ ದೊಡ್ಡ ಹುದ್ದೆ ಹಿಡಿ ಎಂಬ ತಂದೆಯ ಮಾತನ್ನು ಮೀರಿ ಆತ ಶಿಕ್ಷಕರ ಕಾಲೇಜಿಗೆ ಸೇರುತ್ತಾನೆ, ತತ್ವಚಿಂತನೆಯ ಲೇಖನಗಳನ್ನು ಬರೆಯುತ್ತಾನೆ, ನಂಬಿಕೆ ಮತ್ತು ಸಂಶಯದ ನಡುವೆ ಹೊಯ್ದಾಡುತ್ತಾನೆ. ಕಮಾಲನ ತಳಮಳದಲ್ಲಿ ತಮ್ಮದೇ ತಳಮಳವಿದೆಯೆಂದು ಮಹ್ಫೂಝ್ ಒಪ್ಪಿಕೊಂಡಿದ್ದರು. ಅಪೂರ್ಣವಾಗಿ ಉಳಿದ ವ್ಯಾಸಂಗ ಹೀಗೆ ಕಾದಂಬರಿಯೊಳಗೆ ಮರಳಿ ಬಂತು.

ಆಸ್ಪತ್ರೆಯಿಂದ ಬಂದ ಕಥೆಗಳು

ಸಾಹಿತ್ಯ, ತತ್ವಶಾಸ್ತ್ರ ಓದಿದವರ ಮಾತಾಯಿತು. ವೈದ್ಯಕೀಯ, ವಿಜ್ಞಾನ, ವಾಣಿಜ್ಯ ಓದುವವರ ಗತಿಯೇನು ಎಂದು ನೀವು ಕೇಳಬಹುದು. ನಮ್ಮ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಹೆಚ್ಚಿನವರು ಅವರೇ. ಅವರಿಗಾಗಿ ಡಾಕ್ಟರ್ ರಶೀದ್ ಜಹಾನ್ ಅವರ ಹೆಸರು ಹೇಳುತ್ತೇನೆ.

1905ರಲ್ಲಿ ಅಲಿಘರ್‌ನಲ್ಲಿ ಹುಟ್ಟಿದ ರಶೀದ್ ಜಹಾನ್, ಮುಸ್ಲಿಂ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬದುಕನ್ನೇ ಮುಡಿಪಿಟ್ಟ ಶೇಖ್ ಅಬ್ದುಲ್ಲಾ ಮತ್ತು ವಹೀದ್ ಜಹಾನ್ ಬೇಗಂ ದಂಪತಿಯ ಮಗಳು. ಆ ದಂಪತಿ 1906ರಲ್ಲಿ ಅಲಿಘರ್‌ನಲ್ಲಿ ಆರಂಭಿಸಿದ ಹೆಣ್ಣುಮಕ್ಕಳ ಶಾಲೆಯೇ ಬೆಳೆದು ಇಂದಿನ ಮಹಿಳಾ ಕಾಲೇಜಾಗಿದೆ. ರಶೀದ್ ಜಹಾನ್ ಲಕ್ನೋದ ಇಸಬೆಲ್ಲಾ ಥೋಬರ್ನ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಕಥೆ ಬರೆಯಲಾರಂಭಿಸಿದರು. ಅಲ್ಲಿಂದ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿಗೆ ಸೇರಿ 1929ರಲ್ಲಿ ವೈದ್ಯರಾಗಿ ಹೊರಬಂದರು.

1932ರ ಡಿಸೆಂಬರ್‌ನಲ್ಲಿ ಲಕ್ನೋದಿಂದ 'ಅಂಗಾರೇ' ಎಂಬ ಉರ್ದು ಸಂಕಲನ ಹೊರಬಂತು. ಸಜ್ಜಾದ್ ಝಹೀರ್, ಅಹ್ಮದ್ ಅಲಿ, ಮಹ್ಮೂದುಝ್ಝಫರ್ ಮತ್ತು ರಶೀದ್ ಜಹಾನ್ ಅದರ ಲೇಖಕರು. ನಾಲ್ವರೂ ಉನ್ನತ ಶಿಕ್ಷಣ ಪಡೆದ ಯುವಜನರು. ಧಾರ್ಮಿಕ ಭಾವನೆಗೆ ಧಕ್ಕೆ ತಂದಿದೆಯೆಂಬ ದೂರಿನ ಮೇಲೆ 1933ರ ಮಾರ್ಚ್‌ನಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ಸಂಕಲನದ ಎಲ್ಲ ಬರಹಗಳೂ ಒಂದೇ ಮಟ್ಟದವಲ್ಲ, ಅದರ ಧಾಟಿಯನ್ನು ಇಂದಿಗೂ ಒಪ್ಪದವರಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು ರಶೀದ್ ಜಹಾನ್ ಅದರಲ್ಲಿ ಬರೆದ 'ಪರ್ದೇ ಕೆ ಪೀಛೆ' ಎಂಬ ಕಿರು ನಾಟಕ. ಇಬ್ಬರು ಗೃಹಿಣಿಯರು ಮಾತನಾಡಿಕೊಳ್ಳುತ್ತಾರೆ, ಅಷ್ಟೇ. ವರ್ಷ ವರ್ಷವೂ ಬಸುರಿ, ಬಾಣಂತಿಯಾಗಿ ಕರಗಿಹೋದ ದೇಹದ ಮಾತು ಅದು. ವೈದ್ಯೆಯ ಕಿವಿಗೆ ಮಾತ್ರ ಬೀಳಬಹುದಾಗಿದ್ದ ಮಾತು ಆ ಮೂಲಕ ಸಾಹಿತ್ಯಕ್ಕೆ ಬಂತು.

ರಶೀದ್ ಜಹಾನ್ ವೈದ್ಯವೃತ್ತಿಯನ್ನು ಬಿಡಲಿಲ್ಲ. ಬರೆದದ್ದು ಸಂಖ್ಯೆಯಲ್ಲಿ ಹೆಚ್ಚಲ್ಲ, ಸಣ್ಣ ಕಥೆಗಳು ಮತ್ತು ಚಿಕ್ಕ ನಾಟಕಗಳು. ದೊಡ್ಡ ಕಾದಂಬರಿಗೆ ಬೇಕಾದ ಬಿಡುವು ಅವರಿಗೆ ಸಿಗಲೇ ಇಲ್ಲ. 1952ರಲ್ಲಿ, 47 ತುಂಬುವ ಮೊದಲೇ, ಕ್ಯಾನ್ಸರ್‌ನಿಂದ ಮಾಸ್ಕೋದಲ್ಲಿ ತೀರಿಕೊಂಡರು. ಆದರೆ ಆ ಕೆಲವೇ ಪುಟಗಳನ್ನು ಅಲಿಘರ್‌ನಲ್ಲಿ ಓದುತ್ತಿದ್ದ ಇಸ್ಮತ್ ಚುಗ್ತಾಯಿ ಎಂಬ ಹುಡುಗಿ ಓದಿದಳು. ತನಗೆ ಬರೆಯುವ ಧೈರ್ಯ ಬಂದದ್ದು ರಶೀದ್ ಆಪಾರಿಂದ ಎಂದು ಇಸ್ಮತ್ ಮುಂದೆ ಮನಸಾರೆ ನೆನೆದರು. ಕಡಿಮೆ ಬರೆದವರ ಬರಹವೂ ಎಲ್ಲಿಗೆ ತಲುಪುತ್ತದೆಂದು ಹೇಳಲಾಗದು.

ಕಾಲೇಜಿನ ಬಾಗಿಲು ತೆರೆಯದವರು

ಪದವಿ ಮತ್ತು ಕಥೆಯ ನಡುವೆ ಆಯ್ಕೆ ಮಾಡುವ ಕಷ್ಟವೇ ಒಂದು ಭಾಗ್ಯ ಎಂದು ನೆನಪಿಸುವ ಬದುಕು ನಮ್ಮ ಕರಾವಳಿಯಲ್ಲಿದೆ. ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮನೆಮಾತು ಮಲಯಾಳ, ಕಲಿತದ್ದು ಕನ್ನಡ ಶಾಲೆಯಲ್ಲಿ. ಮುಂದೆ ಓದುವ ಆಸೆಯಿತ್ತು. ಆದರೆ ಅಂದಿನ ರೂಢಿ ಅದಕ್ಕೆ ಅಡ್ಡ ಬಂತು. ಶಾಲೆ ಮುಗಿದದ್ದೇ ಮದುವೆಯಾಯಿತು, ನಾಲ್ವರು ಮಕ್ಕಳ ತಾಯಿಯಾದರು. ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ', 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾದಾಗ ಅವರ ವಯಸ್ಸು 48ರ ಆಸುಪಾಸು. 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೆ ವಿಶ್ವವಿದ್ಯಾಲಯವೇ ಪದವಿ ಕೊಟ್ಟು ಗೌರವಿಸಿದ ಆ ದಿನ ನಮಗೆ ಸಂತೋಷವಾದಂತೆಯೇ ನಾಚಿಕೆಯೂ ಆಗಬೇಕಾಗಿತ್ತು. ಅವರು 2023ರ ಜನವರಿಯಲ್ಲಿ ನಿಧನರಾದರು.

ಹಾಸನದಲ್ಲಿ ವಕೀಲರೂ ಪತ್ರಕರ್ತರೂ ಆಗಿ ದುಡಿದ ಬಾನು ಮುಷ್ತಾಕ್ ಅವರ ಹೆಸರು ಇಂದು ನಿಮಗೆಲ್ಲ ಗೊತ್ತು. 2025ರ ಮೇ ತಿಂಗಳಲ್ಲಿ, ದೀಪಾ ಭಸ್ತಿಯವರ ಅನುವಾದದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿರುವುದು 12 ಕಥೆಗಳು. ಅವು 1990ರಿಂದ 2023ರವರೆಗಿನ ಮೂರು ದಶಕಗಳಲ್ಲಿ ಬರೆದವು. ದಿನವೂ ಕಚೇರಿ, ಕಕ್ಷಿದಾರರು, ಸಂಸಾರ ಇರುವವರು ಬರೆಯುವ ವೇಗ ಹೀಗಿರುತ್ತದೆ. ಆತುರವಿಲ್ಲ, ನಿಲುಗಡೆಯೂ ಇಲ್ಲ.

ಚರಿತ್ರೆ ಹೇಳುವುದೇನು?

ಈ ಬದುಕುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಮುಖ್ಯವಾಗಿ ಒಂದೇ ಮಾತು. ಇವರಲ್ಲಿ ಯಾರೂ ಬಿಡುವಿಗಾಗಿ ಕಾದವರಲ್ಲ. ಎಲ್ಲರೂ ಇದ್ದ ದಿನದೊಳಗಿನಿಂದಲೇ ಒಂದಿಷ್ಟು ಹೊತ್ತನ್ನು ಕಥೆಗೆಂದು ತೆಗೆದಿಟ್ಟರು. ಬಿಡುವು ಸಿಕ್ಕಾಗ ಬರೆಯುತ್ತೇನೆ ಎಂಬ ನನ್ನಂಥವರ ಮಾತಿಗೆ ಚರಿತ್ರೆಯಲ್ಲಿ ಸಾಕ್ಷಿ ಸಿಗುವುದು ಕಡಿಮೆ.

ಎರಡನೆಯದಾಗಿ, ಇವರ ಓದು ಅಥವಾ ವೃತ್ತಿ ಇವರ ಕಥೆಗೆ ಶತ್ರುವಾಗಲಿಲ್ಲ. ಅರ್ಥಶಾಸ್ತ್ರ ಓದುವವಳಿಗೆ ಸಾಲದ ಲೆಕ್ಕ ಗೊತ್ತು. ಆ ಸಾಲ ಹೊತ್ತ ಮನೆಯ ಕಥೆಯನ್ನು ಆಕೆ ಬರೆದರೆ ಎರಡು ಕಣ್ಣುಗಳಿಂದ ನೋಡಿದಂತಾಗುತ್ತದೆ.

ಮೂರನೆಯದಾಗಿ, ಬಿಡುವುದೂ ತಪ್ಪಲ್ಲ, ಆದರೆ ನಿರ್ಧರಿಸಿ ಬಿಡಬೇಕು. ಮಹ್ಫೂಝ್ ಎಂ.ಎ.ಯನ್ನು ಯೋಚಿಸಿ ಬಿಟ್ಟರು, ಅನ್ನದ ದಾರಿಯನ್ನು ಉಳಿಸಿಕೊಂಡು ಬಿಟ್ಟರು. ನಾನು ಕಾದಂಬರಿಯನ್ನು ನಿರ್ಧರಿಸಿ ಬಿಡಲಿಲ್ಲ, ಅದು ತಾನಾಗಿ ಕೈಜಾರಿತು. ಇವೆರಡಕ್ಕೂ ಬಹಳ ವ್ಯತ್ಯಾಸವಿದೆ. ಗೆದ್ದವರ ಹೆಸರನ್ನಷ್ಟೇ ಚರಿತ್ರೆ ಬರೆದಿಡುತ್ತದೆ ಎಂಬುದನ್ನೂ ಮರೆಯಬೇಡಿ. ಪದವಿಯೂ ಇಲ್ಲದೆ ಪುಸ್ತಕವೂ ಇಲ್ಲದೆ ಉಳಿದವರು ಎಷ್ಟೋ ಜನ. ಆದ್ದರಿಂದಲೇ ಈ ಲೇಖನ ಓದಿ ಯಾರೂ ನಾಳೆಯೇ ಕಾಲೇಜು ಬಿಡಬೇಡಿ.

ಇಂದಿನ ಲೆಕ್ಕವನ್ನೂ ಹೇಳಬೇಕು. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಯೋಜನೆಯನ್ನು ಕೇಂದ್ರ ಸರ್ಕಾರ 2022–23ರಿಂದ ನಿಲ್ಲಿಸಿದೆ. ಹೀಗಿರುವಾಗ ಸಂಶೋಧನೆಗೆ ಸೇರಿದವರು ವರ್ಷಗಳನ್ನು ಪೋಲು ಮಾಡುವಂತಿಲ್ಲ. ಇಂಥವರು ಮೊದಲಿಗೇ ಬೃಹತ್ ಕಾದಂಬರಿಗೆ ಕೈಹಾಕದೆ ಸಣ್ಣ ಕಥೆಯಿಂದ ಆರಂಭಿಸುವುದು ಲೇಸು. ದಿನಕ್ಕೆ ಮೂರು ಗಂಟೆ ಸಿಗದಿದ್ದರೆ ಬೆಳಗಿನ ನಮಾಝಿನ ನಂತರದ ಅರ್ಧ ಗಂಟೆಯಾದರೂ ಸಿಕ್ಕೀತು. ಪರೀಕ್ಷೆ ಅಥವಾ ಅಧ್ಯಾಯ ಒಪ್ಪಿಸುವ ದಿನ ಹತ್ತಿರ ಬಂದಾಗ ಕಥೆಯನ್ನು ಮುಚ್ಚಿಡಿ. ಮುಚ್ಚಿಡುವಾಗ ಮತ್ತೆ ತೆರೆಯುವ ತಾರೀಖನ್ನು ನೋಟ್‌ಬುಕ್ಕಿನ ಮೇಲೆಯೇ ಬರೆದಿಡಿ. ನಾನು ಬರೆದಿಡದೇ ಹೋದದ್ದು ಆ ತಾರೀಖೊಂದನ್ನೇ.

ಸಂಸ್ಥೆಯ ಸದಸ್ಯರಲ್ಲಿಯೂ ಒಂದು ವಿನಂತಿಯಿದೆ. ನಾವು ಡಾಕ್ಟರು, ಎಂಜಿನಿಯರುಗಳಾದ ಮಕ್ಕಳನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತೇವೆ, ಅದು ಆಗಲೇಬೇಕು. ಅದರ ಜೊತೆಗೆ ಒಬ್ಬ ವಿದ್ಯಾರ್ಥಿ "ಕಥೆ ಬರೆಯುತ್ತೇನೆ" ಎಂದಾಗ ಅರ್ಜಿಯ ಅಂಕ ಕಡಿಮೆಯಾಗುವುದಿಲ್ಲ ಎಂಬ ಭರವಸೆಯನ್ನೂ ಕೊಡೋಣ. ಶೇಖ್ ಅಬ್ದುಲ್ಲಾ ದಂಪತಿ ಶಾಲೆ ತೆರೆಯದೇ ಇದ್ದಿದ್ದರೆ ರಶೀದ್ ಜಹಾನ್ ಇರುತ್ತಿರಲಿಲ್ಲ, ರಶೀದ್ ಜಹಾನ್ ಬರೆಯದೇ ಇದ್ದಿದ್ದರೆ ಆ ಶಾಲೆಯ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಏನಿತ್ತೆಂದು ಲೋಕಕ್ಕೆ ತಿಳಿಯುತ್ತಿರಲಿಲ್ಲ. ಶಿಕ್ಷಣ ಸಂಸ್ಥೆಗೆ ಎರಡೂ ಬೇಕು.

ಆ ವಿದ್ಯಾರ್ಥಿನಿಗೆ ಅಂದು ವಿದ್ಯಾರ್ಥಿವೇತನ ಮಂಜೂರಾಯಿತು, ಎಂ.ಎ.ಯನ್ನೂ ಮುಗಿಸಿದಳೆಂದು ಕೇಳಿದ್ದೇನೆ. ಕಥೆಗಳ ಸುದ್ದಿ ನನಗೆ ಗೊತ್ತಿಲ್ಲ. ಈ ಸಂಚಿಕೆ ಆಕೆಯ ಕೈಗೆ ಸಿಕ್ಕರೆ ಹೇಳಬೇಕಾದ ಮಾತು ಇಷ್ಟೇ. ಮಗಳೇ, ಅಂದು ನಿನ್ನ ತಂದೆ ಹೇಳಿದ್ದನ್ನು ನಾವು ಅರ್ಜಿಯಲ್ಲಿ ಬರೆದುಕೊಳ್ಳಲಿಲ್ಲ. ಹವ್ಯಾಸದ ಸಾಲಿನಲ್ಲಿ ಇಂದಿಗೂ ನೀನು ಹೇಳಿದ್ದೇ ಇದೆ. ಮುಂದಿನ ವಾರ್ಷಿಕ ಸಂಚಿಕೆಗೆ ಒಂದು ಕಥೆ ಕಳುಹಿಸು.